ಜರ್ಮನಿಯ ಶೌರ್ಯ ಪದಕಗಳು: ಇಲ್ಲಿ ನೆಲೆಸಿರುವ ಕನ್ನಡಿಗರಿಗೆ ಒಂದು ಪರಿಚಯ

ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಪರಮವೀರ ಚಕ್ರ, ಅಶೋಕ ಚಕ್ರ ಪಡೆದವರು ಜೀಪಿನಲ್ಲಿ ನಿಂತು ಸಾಗುವುದನ್ನು ನೋಡುತ್ತ ಬೆಳೆದವರಿಗೆ, ಯಲಹಂಕದ ಕಡೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿನ ರಸ್ತೆಯಲ್ಲಿ ಓಡಾಡಿದವರಿಗೆ, ಜರ್ಮನಿಯಲ್ಲಿ ಯುದ್ಧಪದಕಗಳ ಸುತ್ತ ಕವಿದಿರುವ ಮೌನ ವಿಚಿತ್ರವೆನಿಸುವುದು ಸಹಜ. ಸೇನೆಯ ವಿಮಾನಗಳ ಮೇಲೆ, ವಾಹನಗಳ ಮೇಲೆ ಕಪ್ಪು ಶಿಲುಬೆಯೊಂದು ಇದ್ದೇ ಇದೆ. ಆದರೆ ಅದೇ ಶಿಲುಬೆಯನ್ನು ಪದಕವಾಗಿ ಎದೆಗೆ ಧರಿಸುವ ಹೊಸ ಸೈನಿಕ ಇಂದು ಒಬ್ಬನೂ ಇಲ್ಲ. ಆಕಾರವನ್ನು ಲಾಂಛನವಾಗಿ ಉಳಿಸಿಕೊಂಡು ಪದಕವನ್ನು ಕೈಬಿಟ್ಟ ಈ ವಿಚಿತ್ರ ವ್ಯವಸ್ಥೆ ಅರ್ಥವಾದರೆ, ಸಂತೆಯಲ್ಲಿ, ಸಂಗ್ರಹಾಲಯದಲ್ಲಿ, ಸಹೋದ್ಯೋಗಿಯ ಮನೆಯ ಗೋಡೆಯಲ್ಲಿ ಕಾಣುವ ವಸ್ತುಗಳನ್ನು ಸರಿಯಾಗಿ ಗುರುತಿಸುವುದು ಕಷ್ಟವಲ್ಲ.

ಆ ಶಿಲುಬೆಯ ಹೆಸರು ಐಸರ್ನೆಸ್ ಕ್ರಾಯ್ಟ್ಸ್, ಅಂದರೆ ಐರನ್ ಕ್ರಾಸ್. ನೆಪೋಲಿಯನ್ನನ ವಿರುದ್ಧದ ಯುದ್ಧಕ್ಕೆಂದು ಪ್ರಷ್ಯಾದ ಅರಸ ಮೂರನೆಯ ಫ್ರೀಡ್ರಿಶ್ ವಿಲ್‌ಹೆಲ್ಮ್ 1813ರಲ್ಲಿ ಇದನ್ನು ಸ್ಥಾಪಿಸಿದ. ಸ್ಥಾಪನೆಯ ದಿನಾಂಕವೆಂದು ನಮೂದಿಸಿದ ಮಾರ್ಚ್ 10, ತೀರಿಕೊಂಡಿದ್ದ ರಾಣಿ ಲೂಯಿಸಳ ಜನ್ಮದಿನ. ವಿನ್ಯಾಸಕ್ಕೆ ಅಂತಿಮ ರೂಪ ಕೊಟ್ಟವನು ವಾಸ್ತುಶಿಲ್ಪಿ ಕಾರ್ಲ್ ಫ್ರೀಡ್ರಿಶ್ ಶಿಂಕೆಲ್. ಚಿನ್ನ, ರತ್ನಗಳಿಂದ ಮಾಡಿದ ಪದಕಗಳೇ ವಾಡಿಕೆಯಾಗಿದ್ದ ಕಾಲದಲ್ಲಿ ಬೆಳ್ಳಿಯ ಅಂಚು ಕಟ್ಟಿದ ಎರಕದ ಕಬ್ಬಿಣವನ್ನು ಆಯ್ದುಕೊಂಡದ್ದಕ್ಕೆ ಕಾರಣವಿತ್ತು: ಜನರು ತಮ್ಮ ಒಡವೆಗಳನ್ನು ಯುದ್ಧದ ಖರ್ಚಿಗೆ ಕೊಟ್ಟು ಕಬ್ಬಿಣದ ಆಭರಣ ತೊಡುತ್ತಿದ್ದ ಬಡತನದ ದಿನಗಳವು. ಅದಕ್ಕಿಂತ ದೊಡ್ಡ ಹೊಸತನವೆಂದರೆ ಸಾಮಾನ್ಯ ಸಿಪಾಯಿಗೂ ಸೇನಾಪತಿಗೂ ಒಂದೇ ಪದಕ ಸಿಗುವಂತಾದದ್ದು. ಬರ್ಲಿನ್ನಿನಲ್ಲಿರುವವರು ಇದರ ನೆನಪಿನ ಮೇಲೆಯೇ ನಡೆದಾಡುತ್ತಾರೆ ಎನ್ನಬಹುದು. ಕ್ರಾಯ್ಟ್ಸ್‌ಬೆರ್ಗ್ ಬಡಾವಣೆಯ ಹೆಸರು, ಅಲ್ಲಿನ ಗುಡ್ಡದ ಮೇಲೆ ಶಿಂಕೆಲ್ ನಿರ್ಮಿಸಿದ ಸ್ಮಾರಕದ ತುದಿಯಲ್ಲಿರುವ ಈ ಶಿಲುಬೆಯಿಂದಲೇ ಬಂದದ್ದು. ಬ್ರಾಂಡೆನ್‌ಬುರ್ಗ್ ದ್ವಾರದ ಮೇಲಿನ ದೇವತೆ ಹಿಡಿದಿರುವ ದಂಡದಲ್ಲಿಯೂ ಅದೇ ಇದೆ.

ಐರನ್ ಕ್ರಾಸ್ ಶಾಶ್ವತ ಪದಕವಾಗಿರಲಿಲ್ಲ. ಯುದ್ಧ ಬಂದಾಗ ಹೊಸದಾಗಿ ಘೋಷಿಸಿ, ಯುದ್ಧ ಮುಗಿದಾಗ ನಿಲ್ಲಿಸುವುದು ಕ್ರಮ. 1870ರಲ್ಲಿ, 1914ರಲ್ಲಿ, 1939ರಲ್ಲಿ ಹೀಗೆ ಮರುಸ್ಥಾಪನೆಯಾಯಿತು. ಮೊದಲು ಎರಡನೆಯ ದರ್ಜೆ, ಆಮೇಲೆ ಮೊದಲನೆಯ ದರ್ಜೆ, ಎಲ್ಲಕ್ಕೂ ಮೇಲೆ ನಿರ್ಣಾಯಕ ಕಾಳಗವನ್ನೇ ಗೆದ್ದುಕೊಟ್ಟ ಸೇನಾಪತಿಗಳಿಗೆಂದು ಗ್ರಾಂಡ್ ಕ್ರಾಸ್. ಇದರ ಜೊತೆಗೆ 1740ರಲ್ಲಿ ಎರಡನೆಯ ಫ್ರೀಡ್ರಿಶ್ ಸ್ಥಾಪಿಸಿದ ಪೂರ್ ಲ ಮೆರಿತ್ ಎಂಬ ನೀಲಿ ಶಿಲುಬೆಯಿತ್ತು. ಅದು ಅಧಿಕಾರಿಗಳಿಗೆ ಮಾತ್ರ. ವಿಮಾನಯೋಧ ರಿಶ್ಟ್‌ಹೋಫನ್, ಇಟಲಿಯ ಬೆಟ್ಟಗಳಲ್ಲಿ ಕಾದಾಡಿದ ಯುವ ಅಧಿಕಾರಿ ರೊಮೆಲ್ ಇಬ್ಬರಿಗೂ 1917ರಲ್ಲಿ ದೊರೆತದ್ದು ಇದೇ. 1918ರಲ್ಲಿ ಅರಸೊತ್ತಿಗೆಯೊಡನೆ ಅದರ ಸೈನಿಕ ವಿಭಾಗ ಮುಗಿಯಿತು. ಆದರೆ ವಿದ್ವಾಂಸರಿಗೂ ಕಲಾವಿದರಿಗೂ ಮೀಸಲಾದ ನಾಗರಿಕ ವಿಭಾಗ ಇಂದಿಗೂ ಜೀವಂತವಾಗಿದೆ. ಮ್ಯೂನಿಕ್ಕಿನಲ್ಲೋ ಡ್ರೆಸ್ಡೆನ್ನಿನಲ್ಲೋ ಇರುವವರು ತಮ್ಮ ಊರಿನ ಸೇನಾ ಸಂಗ್ರಹಾಲಯದಲ್ಲಿ ಬೇರೆಯೇ ಪದಕಗಳನ್ನು ಕಂಡರೆ ಗೊಂದಲಪಡಬೇಕಿಲ್ಲ. ಬವೇರಿಯ, ಸ್ಯಾಕ್ಸನಿ, ವುರ್ಟೆಂಬೆರ್ಗ್, ಬಾಡೆನ್ ಸಂಸ್ಥಾನಗಳಿಗೆ ತಮ್ಮತಮ್ಮದೇ ಗೌರವಗಳಿದ್ದವು. ಬವೇರಿಯದ ಮ್ಯಾಕ್ಸ್ ಯೋಸೆಫ್ ಗೌರವ ಪಡೆದ ಅಲ್ಲಿನ ಅಧಿಕಾರಿ ತನ್ನ ಹೆಸರಿಗೆ 'ರಿಟರ್ ಫೋನ್' ಸೇರಿಸಿಕೊಂಡು ಜೀವಾವಧಿ ಕುಲೀನನಾಗುತ್ತಿದ್ದ.

ಮೊದಲನೆಯ ಮಹಾಯುದ್ಧದಲ್ಲಿ ಎರಡನೆಯ ದರ್ಜೆಯ ಐರನ್ ಕ್ರಾಸ್ ಸುಮಾರು 50 ಲಕ್ಷ ಜನರಿಗೆ ಸಿಕ್ಕಿತು. ಅಷ್ಟು ಹಂಚಿದ ಮೇಲೆ ಅದರ ತೂಕ ಇಳಿದದ್ದು ನಿಜ. ಆದರೂ ಮನೆಮನೆಯ ಪೆಟ್ಟಿಗೆಯಲ್ಲಿ ಒಂದೊಂದು ಉಳಿದದ್ದು ಹೀಗೆಯೇ. ಆ ಯುದ್ಧದಲ್ಲಿ ಸುಮಾರು ಒಂದು ಲಕ್ಷ ಯಹೂದಿ ಸೈನಿಕರು ಜರ್ಮನಿಯ ಪರವಾಗಿ ಹೋರಾಡಿದರು, ಸುಮಾರು 12,000 ಮಂದಿ ಸತ್ತರು, ಸಾವಿರಾರು ಮಂದಿ ಈ ಪದಕ ಪಡೆದರು. 1918ರಲ್ಲಿ ಹಿಟ್ಲರನಿಗೆ ಮೊದಲ ದರ್ಜೆಯ ಐರನ್ ಕ್ರಾಸ್ ಕೊಡಬೇಕೆಂದು ಶಿಫಾರಸು ಮಾಡಿದ ಮೇಲಧಿಕಾರಿ ಹ್ಯೂಗೊ ಗುಟ್‌ಮನ್ ಯಹೂದಿಯಾಗಿದ್ದರು. ಮುಂದೆ ಅವರೇ ದೇಶ ಬಿಟ್ಟು ಓಡಬೇಕಾಯಿತು. 1933ರ ಏಪ್ರಿಲಿನಲ್ಲಿ ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆದುಹಾಕಿದಾಗ ಮುಂಚೂಣಿಯಲ್ಲಿ ಕಾದಾಡಿದ್ದವರಿಗೆ ವಿನಾಯಿತಿ ಇತ್ತು. ಎರಡೇ ವರ್ಷದಲ್ಲಿ ಅದೂ ಇಲ್ಲವಾಯಿತು. ಯಹೂದಿ ಸಂಗ್ರಹಾಲಯಗಳಲ್ಲಿ ಐರನ್ ಕ್ರಾಸ್ ಕಂಡರೆ ಅದು ಅಲ್ಲಿರುವುದು ಈ ಕಾರಣಕ್ಕೆ.

1939ರಲ್ಲಿ ನಾಜಿ ಸರ್ಕಾರ ಪದಕದ ನಡುವೆ ಸ್ವಸ್ತಿಕವನ್ನು ತಂದಿಟ್ಟಿತು, ಮೊದಲ ದರ್ಜೆಗೂ ಗ್ರಾಂಡ್ ಕ್ರಾಸಿಗೂ ನಡುವೆ ಕೊರಳಿಗೆ ಕಟ್ಟುವ ರಿಟರ್‌ಕ್ರಾಯ್ಟ್ಸ್, ಅಂದರೆ ನೈಟ್ಸ್ ಕ್ರಾಸ್ ಅನ್ನು ಸೇರಿಸಿತು. ವೈಯಕ್ತಿಕ ಸಾಹಸಕ್ಕೂ ಪಡೆಯನ್ನು ಯಶಸ್ವಿಯಾಗಿ ಮುನ್ನಡೆಸಿದ್ದಕ್ಕೂ ಇದೊಂದೇ ಗೌರವ. ಸುಮಾರು 7,300 ಮಂದಿಗೆ ಸಂದಿತು. ಯುದ್ಧ ಬೆಳೆದಂತೆ ಅದರ ಮೇಲೆ ಓಕ್ ಎಲೆ, ಕತ್ತಿ, ವಜ್ರ ಎಂದು ಮೆಟ್ಟಿಲುಗಳೂ ಬೆಳೆದವು. ವಜ್ರದ ಹಂತ ತಲುಪಿದವರು 27 ಜನ. ಚಿನ್ನದ ಓಕ್ ಎಲೆ ಸಿಕ್ಕಿದ್ದು ವಿಮಾನಚಾಲಕ ಹಾನ್ಸ್ ಉಲ್‌ರಿಶ್ ರೂಡೆಲ್ ಒಬ್ಬನಿಗೆ. 1941ರಲ್ಲಿ ಬಂದ ಜರ್ಮನ್ ಕ್ರಾಸ್ ಈ ಎರಡು ಗುಣಗಳನ್ನು ಬೇರೆ ಬಗೆಯಲ್ಲಿ ವಿಂಗಡಿಸಿತು: ರಣರಂಗದಲ್ಲಿ ಮತ್ತೆಮತ್ತೆ ತೋರಿದ ಶೌರ್ಯಕ್ಕೂ ಅಲ್ಲಿನ ಮುಂದಾಳತ್ವಕ್ಕೂ ಚಿನ್ನದ ಬಣ್ಣ, ಹಿಂದೆ ನಿಂತು ಯುದ್ಧ ನಡೆಸುವ ಕೆಲಸಕ್ಕೆ ಬೆಳ್ಳಿಯ ಬಣ್ಣ. ಅದರ ಅಗಲವಾದ ನಕ್ಷತ್ರವನ್ನು ಸೈನಿಕರು ಬಾಣಲೆಯಲ್ಲಿ ಒಡೆದು ಹುರಿದ ಮೊಟ್ಟೆಯೆಂದು ಗೇಲಿ ಮಾಡುತ್ತಿದ್ದರು.

ಇನ್ನು ಕಾನೂನಿನ ಮಾತು. 1957ರ ಜುಲೈ 26ರ ಕಾಯಿದೆ ಹಳೆಯ ಯುದ್ಧಪದಕಗಳನ್ನು ಧರಿಸಲು ಅನುಮತಿ ಕೊಟ್ಟಿತು, ಆದರೆ ಸ್ವಸ್ತಿಕವನ್ನು ತೆಗೆದ ರೂಪದಲ್ಲಿ ಮಾತ್ರ. ಹೊಸ ಸೇನೆಯ ಅಧಿಕಾರಿಗಳಲ್ಲಿ ಹೆಚ್ಚಿನವರು ಹಿಟ್ಲರನ ಸೇನೆಯಲ್ಲಿ ದುಡಿದವರೇ ಆಗಿದ್ದುದರಿಂದ ಇದೊಂದು ರಾಜಿ ಎಂದೇ ನನಗೆ ತೋರುತ್ತದೆ. ಹೀಗಾಗಿ ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ಇಂಥದೊಂದು ಕೈಗೆ ಬಂದರೆ ನಡುಭಾಗವನ್ನು ನೋಡಬೇಕು. ನಡುವೆ ಡಬ್ಲ್ಯೂ ಅಕ್ಷರ, ಮೇಲೆ ಕಿರೀಟ, ಕೆಳಗೆ 1914 ಎಂದಿದ್ದರೆ ಮೊದಲ ಮಹಾಯುದ್ಧದ್ದು. ನಡುವೆ ಮೂರು ಓಕ್ ಎಲೆಗಳಿದ್ದು ಕೆಳಗೆ 1939 ಎಂದಿದ್ದರೆ 1957ರ ನಂತರ ಮಾಡಿದ್ದು. ನಡುವಿನ ಜಾಗಕ್ಕೆ ಕಾಗದದ ಚೀಟಿ ಅಂಟಿಸಿದ್ದರೆ ಅದರಡಿ ಏನಿದೆಯೆಂದು ಹೇಳಬೇಕಿಲ್ಲ. ದಂಡಸಂಹಿತೆಯ 86ಎ ಕಲಮಿನ ಪ್ರಕಾರ ನಾಜಿ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದಕ್ಕೂ ಹಂಚುವುದಕ್ಕೂ ಮೂರು ವರ್ಷದವರೆಗೆ ಸೆರೆ ಅಥವಾ ದಂಡ ವಿಧಿಸಬಹುದು. ಕಲೆ, ಸಂಶೋಧನೆ, ಬೋಧನೆಗಳಿಗೆ ವಿನಾಯಿತಿ ಇದೆ. ಆದ್ದರಿಂದ ಚೀಟಿ ಕಿತ್ತು ಫೋಟೊ ತೆಗೆದು ತಮಾಷೆಗೆಂದು ಜಾಲತಾಣಕ್ಕೆ ಹಾಕುವುದು ಬೇಡ. ನಮ್ಮ ಹೊಸ್ತಿಲ ರಂಗೋಲಿಯ ಸ್ವಸ್ತಿಕ ಈ ಕಾನೂನಿನ ಗುರಿಯಲ್ಲ, ಆದರೂ ಹೊರಬಾಗಿಲಿನಲ್ಲಿ ಅದನ್ನು ಕಂಡ ನೆರೆಯವರಿಗೆ ತಾವಾಗಿಯೇ ವಿವರಿಸುವುದು ಜಾಣತನ.

1955ರಲ್ಲಿ ಹುಟ್ಟಿದ ಇಂದಿನ ಸೇನೆಗೆ ಅರ್ಧ ಶತಮಾನದವರೆಗೆ ಶೌರ್ಯ ಪದಕವೇ ಇರಲಿಲ್ಲ. ಅಫ್ಘಾನಿಸ್ತಾನ ಆ ಸ್ಥಿತಿಯನ್ನು ಬದಲಿಸಿತು. 2008ರಲ್ಲಿ ಐರನ್ ಕ್ರಾಸನ್ನೇ ಮರಳಿ ತರಬೇಕೆಂಬ ಮನವಿ ಬಂದಾಗ ದೊಡ್ಡ ಚರ್ಚೆಯಾಯಿತು. ರಕ್ಷಣಾ ಸಚಿವ ಫ್ರಾನ್ಸ್ ಯೋಸೆಫ್ ಯುಂಗ್ ಆ ಹೆಸರನ್ನು ಒಪ್ಪದೆ, ಶೌರ್ಯಕ್ಕಾಗಿ ಸೇನೆಯ ಗೌರವ ಶಿಲುಬೆ ಎಂಬ ಹೊಸ ಪದಕವನ್ನು ಆ ವರ್ಷ ಸ್ಥಾಪಿಸಿದರು. 2009ರ ಜುಲೈ 6ರಂದು ಚಾನ್ಸಲರ್ ಆಂಗೆಲಾ ಮೆರ್ಕೆಲ್ ಅದನ್ನು ಮೊದಲ ಬಾರಿಗೆ ನಾಲ್ವರಿಗೆ ಪ್ರದಾನ ಮಾಡಿದರು. ಕುಂದೂಜಿನ ಬಳಿ ನಡೆದ ಆತ್ಮಾಹುತಿ ದಾಳಿಯಲ್ಲಿ ಇಬ್ಬರು ಜರ್ಮನ್ ಸೈನಿಕರೂ ಐವರು ಮಕ್ಕಳೂ ಸತ್ತಿದ್ದರು. ಉರಿಯುತ್ತಿದ್ದ ವಾಹನದ ಮದ್ದುಗುಂಡು ಸಿಡಿಯುತ್ತಿರುವಾಗಲೇ ಆ ನಾಲ್ವರು ಗಾಯಾಳುಗಳ ನೆರವಿಗೆ ಓಡಿದ್ದರು. ಮೊದಲ ಪದಕ ಕೊಲ್ಲುವುದಕ್ಕಲ್ಲ, ಉಳಿಸುವುದಕ್ಕೆ ಸಂದದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. 2010ರಲ್ಲಿ ನೇರ ಕಾಳಗವನ್ನು ಕಂಡವರಿಗೆಂದು ಪ್ರತ್ಯೇಕ ಪದಕವೂ ಬಂದಿತು.

ಸ್ಮರಣೆಯ ರೀತಿಯೂ ನಿಧಾನವಾಗಿ ಬದಲಾಗುತ್ತಿದೆ. ವಜ್ರದ ಗೌರವ ಪಡೆದ ಮೊದಲಿಗ ವೆರ್ನರ್ ಮ್ಯೋಲ್ಡರ್ಸ್ ಸ್ಪೇನಿನಲ್ಲಿ ಫ್ರಾಂಕೋ ಪರವಾಗಿ ಹೋರಾಡಿದ್ದನೆಂಬ ಕಾರಣಕ್ಕೆ 2005ರಲ್ಲಿ ವಾಯುಪಡೆಯ ಘಟಕವೊಂದರಿಂದ ಅವನ ಹೆಸರನ್ನು ಕಳಚಲಾಯಿತು. 2018ರಲ್ಲಿ ಹನೋವರಿನ ಸೇನಾ ನೆಲೆಯೊಂದಕ್ಕೆ 2011ರಲ್ಲಿ ಅಫ್ಘಾನಿಸ್ತಾನದಲ್ಲಿ ಮಡಿದ ಸೈನಿಕ ಟೋಬಿಯಾಸ್ ಲಾಗೆನ್‌ಸ್ಟೈನ್ ಹೆಸರನ್ನಿಡಲಾಯಿತು. 2025ರಿಂದ ಜೂನ್ 15 ಮಾಜಿ ಸೈನಿಕರ ರಾಷ್ಟ್ರೀಯ ದಿನ.

ಜರ್ಮನ್ ಪೌರತ್ವ ಪಡೆದ ಕನ್ನಡಿಗರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಭಾರತವೂ ಸೇರಿದಂತೆ ಹೊರದೇಶ ಕೊಡುವ ಪದಕವನ್ನು ಜರ್ಮನ್ ಪ್ರಜೆ ಸ್ವೀಕರಿಸಬೇಕಾದರೆ ಇಲ್ಲಿನ ರಾಷ್ಟ್ರಾಧ್ಯಕ್ಷರ ಅನುಮತಿ ಬೇಕು. ಕುಟುಂಬದ ಹಿರಿಯರ ಪದಕವನ್ನು ಇಟ್ಟುಕೊಳ್ಳಬಹುದು, ತಾವು ಧರಿಸುವಂತಿಲ್ಲ. ಪತ್ರಿಕೆಯಲ್ಲಿ ಇಂಥವರಿಗೆ 'ಕ್ರಾಯ್ಟ್ಸ್' ಸಿಕ್ಕಿತೆಂದು ಓದಿದರೆ ಅದು ಬಹುಮಟ್ಟಿಗೆ 1951ರಲ್ಲಿ ಆರಂಭವಾದ ಫೆರ್‌ಡೀನ್‌ಸ್ಟ್‌ಕ್ರಾಯ್ಟ್ಸ್, ಅಂದರೆ ಸಾಧನೆಗೆ ಕೊಡುವ ಶಿಲುಬೆ, ಆಗಿರುತ್ತದೆ. ಯುದ್ಧಕ್ಕೂ ಅದಕ್ಕೂ ಸಂಬಂಧವಿಲ್ಲ. ಸಮಾಜಸೇವೆ ಮಾಡಿದ ವಿದೇಶೀಯರಿಗೂ ಅದು ಸಲ್ಲುತ್ತದೆ. ಇನ್ನೊಬ್ಬರ ಹೆಸರನ್ನು ಯಾರು ಬೇಕಾದರೂ ಅವರು ವಾಸಿಸುವ ರಾಜ್ಯದ ಸರ್ಕಾರಕ್ಕೆ ಬರೆದು ಸೂಚಿಸಬಹುದು.