ಚೋಕ್ ತೆಗೆದರೆ ಆಫ್ ಆಗುತ್ತಿದ್ದ ವೀಡ್ ಕಟರ್

ಅಡಿಕೆ ತೋಟದ ಕಳೆ ಹೊಡೆಯುವ ನನ್ನ ಟೂ ಸ್ಟ್ರೋಕ್ ವೀಡ್ ಕಟರ್ ಆರು ತಿಂಗಳು ಮೂಲೆಯಲ್ಲಿತ್ತು, ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಉಳಿದಿತ್ತು. ಹೊರಗೆ ತೆಗೆದಾಗ, ಚೋಕ್ (ಗಾಳಿ ತಡೆದು ಪೆಟ್ರೋಲ್ ಜಾಸ್ತಿ ಎಳೆಸುವ ಲಿವರ್) ಹಾಕಿದರೆ ಸ್ಟಾರ್ಟ್. ಚೋಕ್ ತೆಗೆದು ರೇಸ್ ಕೊಟ್ಟರೆ ಆಫ್.

ಹೊಸ ಪ್ಲಗ್ ಹಾಕಿದೆ, ಏರ್ ಫಿಲ್ಟರ್ ತೊಳೆದೆ, ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸಿ ತುಂಬಿದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಬಾಯಿಗೆ ಕ್ಲೀನರ್ ಸ್ಪ್ರೇ ಹೊಡೆದದ್ದಂತೂ ಸುಮ್ನೆ ದಂಡ. ಕಸ ಇದ್ದದ್ದು ಅಲ್ಲಿ ಅಲ್ಲ.

ಕೊನೆಗೆ ಕಾರ್ಬೊರೇಟರನ್ನೇ ಬಿಚ್ಚಿದೆ. ಪಂಪ್ ಕಡೆಯ (ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಕಡೆಯ) ಮುಚ್ಚಳಕ್ಕೆ ಒಂದೇ ಸ್ಕ್ರೂ. ಒಳಗೆ ಕಿರುಬೆರಳ ಉಗುರಿಗಿಂತ ಚಿಕ್ಕ ಜಾಲರಿ, ಅದರ ಮೇಲೆ ಜೋನಿಬೆಲ್ಲದಂಥ ಅಂಟು. ಸೂಜಿಯಿಂದ ಮೆಲ್ಲಗೆ ಎಬ್ಬಿಸಿ ಪೆಟ್ರೋಲಿನಲ್ಲಿ ತೊಳೆದೆ. ಇನ್ನೊಂದು ಕಡೆ ನಾಲ್ಕು ಸ್ಕ್ರೂ ತೆಗೆದರೆ ಡಯಾಫ್ರಾಮ್ (ಬಾಗುವ ತೆಳು ಪೊರೆ) ಹಪ್ಪಳದ ಹಾಗೆ ಸೆಟೆದಿತ್ತು. ರಿಪೇರಿ ಕಿಟ್ ತಂದು ಬದಲಿಸಿದೆ.

ಜೋಡಿಸುವ ಕ್ರಮ ಮುಖ್ಯ. ನಾಲ್ಕು ಸ್ಕ್ರೂ ಕಡೆ ಮೊದಲು ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ತೆಳು ಹಾಳೆ), ಅದರ ಮೇಲೆ ಡಯಾಫ್ರಾಮ್. ಪಂಪ್ ಕಡೆ ಉಲ್ಟಾ: ಮೊದಲು ಡಯಾಫ್ರಾಮ್, ಮೇಲೆ ಗ್ಯಾಸ್ಕೆಟ್. ನಾನು ಅದಲುಬದಲು ಮಾಡಿ ಮತ್ತೆ ಬಿಚ್ಚಬೇಕಾಯಿತು. ಎಲ್ಲ ಮಾಡೆಲ್‌ಗೂ ಇದೇ ಕ್ರಮ ಇರುವುದಿಲ್ಲ, ಬಿಚ್ಚುವಾಗಲೇ ಫೋಟೊ ಹೊಡೆದುಕೊಳ್ಳಿ.

ಆಮೇಲೆ ಕಡಿಮೆ ವೇಗದಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕೆಂದು ಹೊಂದಿಸುವ ಎಲ್ ಸ್ಕ್ರೂ ಮೆತ್ತಗೆ ಪೂರ್ತಿ ಮುಚ್ಚಿ (ಜಾಸ್ತಿ ಬಿಗಿದರೆ ಸೂಜಿ ತುದಿ ಹಾಳು), 1¼ ಸುತ್ತು ಹಿಂದಕ್ಕೆ ತಿರುಗಿಸಿದೆ. ಮೂರನೇ ಎಳೆತಕ್ಕೆ ಸ್ಟಾರ್ಟ್ ಆಯಿತು, ಚೋಕ್ ತೆಗೆದರೂ ನಿಲ್ಲಲಿಲ್ಲ.