ಕಂಬಳಿಯ ಮೇಲೆ ಜಮಖಾನೆ ಕೊನೆಗೂ ನಿಂತಿತು

ಪಡಸಾಲೆಯಲ್ಲಿ ಒಂದರ ಮೇಲೊಂದು ಹಾಸು ಹಾಕುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. "ಹಾಸು ಕಾಲಿಗೆ ತೊಡರಿ ಯಾರಾದರೂ ಬಿದ್ದರೆ?" ಎಂದು ಅತ್ತೆಯವರು ಕೇಳಿದ್ದರು. ಈಗ ಹದಿನಾಲ್ಕು ತಿಂಗಳಾಯಿತು. ಎರಡು ಹಬ್ಬ, ಒಂದು ನಾಮಕರಣ ಮುಗಿದಿವೆ. ಜಮಖಾನೆ ಹಾಕಿದಲ್ಲೇ ಇದೆ.

ಅಲ್ಲಿಗೆ ಮುಟ್ಟುವಷ್ಟರಲ್ಲಿ ಕೈಬಿಟ್ಟ ಹಣ ಕಡಿಮೆಯಲ್ಲ. ಮೊದಲು ಸುಮಾರು 6,500 ರೂಪಾಯಿ ಕೊಟ್ಟು ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಕಾರ್ಪೆಟ್ ತಂದು, ಅದರ ಮೇಲೆ ನವಲಗುಂದದ ಜಮಖಾನೆ ಹಾಸಿದೆ. ಕಾರ್ಪೆಟ್ಟಿನ ಮೆತ್ತನೆಯ ಕೂದಲಿನ ಮೇಲೆ ತೆಳುವಾದ ಜಮಖಾನೆ ಮೂರೇ ದಿನಕ್ಕೆ ಅಲೆ ಅಲೆಯಾಗಿ ಎದ್ದಿತು. ಆಮೇಲೆ ಎರಡು ಜಮಖಾನೆಗಳನ್ನೇ ಒಂದರ ಮೇಲೊಂದು ಹಾಕಿದೆ. ಹತ್ತಿಯ ಮೇಲೆ ಹತ್ತಿ ನಿಲ್ಲಲಿಲ್ಲ. ಎರಡೂ ಬದಿ ಅಂಟುವ ಟೇಪು ಹಚ್ಚಿದ್ದು ಇನ್ನೂ ದೊಡ್ಡ ತಪ್ಪು. ತೆಗೆಯುವಾಗ ನೂಲು ಕಿತ್ತು ಬಂತು, ಟೈಲ್ಸ್ ಮೇಲಿನ ಅಂಟನ್ನು ಕೊಬ್ಬರಿ ಎಣ್ಣೆ ಹಚ್ಚಿ ಎರಡು ದಿನ ಉಜ್ಜಿದೆ. ಕೆಳಗೆ ಈಚಲು ಚಾಪೆಯನ್ನೂ ಹಾಸಿ ನೋಡಿದೆ. ನೋಟ ಚೆನ್ನಾಗಿತ್ತು, ಆದರೆ ಸೋಫಾದ ಕಾಲಿನಡಿ ಗರಿಗಳು ಸೀಳಿದವು. ಆ ಚಾಪೆ ಈಗ ದೇವರ ಕೋಣೆಯಲ್ಲಿದೆ. ಭಾರ ಬೀಳದ ಆ ಜಾಗಕ್ಕೆ ಅದೇ ಸರಿ.

ಕಂಬಳಿಯ ಯೋಚನೆ ಹೊಳೆದದ್ದು ಊರಿನ ಜಾತ್ರೆಯಲ್ಲಿ ಹೊಸ ಕಂಬಳಿಯೊಂದನ್ನು ಮುಟ್ಟಿದಾಗ. ಕುರಿಯ ಉಣ್ಣೆಯೇ ಒರಟು, ಅದರ ಮೇಲೆ ಹುಣಸೆ ಬೀಜದ ಗಂಜಿ ಹಚ್ಚಿ ಬಿರುಸು ಮಾಡಿರುತ್ತಾರೆ. ಆ ಒರಟುತನ ಹತ್ತಿಯನ್ನು ಹಿಡಿದುಕೊಳ್ಳುತ್ತದೆ ಎಂದು ಅಲ್ಲೇ ಅನಿಸಿತು. ಅತ್ತೆಯವರು, "ಕಂಬಳಿ ಹೊದೆಯುವುದಕ್ಕೆ ಇರುವುದು, ತುಳಿಯುವುದಕ್ಕಲ್ಲ" ಎಂದರು. ಕಂಬಳಿ ಗದ್ದುಗೆ ಹಾಸಿ ಪೂಜೆ ಮಾಡುವ ನಾಡಿನಲ್ಲಿ ಅವರ ಮಾತಿಗೆ ತೂಕವಿದೆ. ಹಾಗಾಗಿ ಮಧ್ಯದಲ್ಲಿ ಕಂಬಳಿ ಮುಚ್ಚಿರುವಂತೆ, ಓಡಾಟದ ದಾರಿ ಜಮಖಾನೆಯ ಮೇಲೆಯೇ ಬರುವಂತೆ ಹಾಸಿದೆ.

ಎರಡು ಕಂಬಳಿಗಳನ್ನು ಉದ್ದಕ್ಕೆ ಸೇರಿಸಿ ಹೊಲಿದೆ. ಸುಮಾರು ಒಂಬತ್ತಕ್ಕೆ ಎಂಟು ಅಡಿ ಆಯಿತು. ಅದರ ಮೇಲೆ ಆರು ಅಡಿಗೆ ನಾಲ್ಕು ಅಡಿಯ ಜಮಖಾನೆ. ಸುತ್ತಲೂ ಒಂದೂವರೆ, ಎರಡು ಅಡಿ ಕಪ್ಪು ಅಂಚು ಉಳಿಯುತ್ತದೆ. ಆ ಕಪ್ಪಿನ ನಡುವೆ ಜಮಖಾನೆಯ ಕೆಂಪು, ಪಗಡೆ ಹಾಸಿನ ವಿನ್ಯಾಸ ಎದ್ದು ಕಾಣುವ ರೀತಿಯನ್ನು ನೋಡಿಯೇ ತಿಳಿಯಬೇಕು. ಟೈಲ್ಸ್ ಮತ್ತು ಕಂಬಳಿಯ ನಡುವೆ ಮಾತ್ರ ರಬ್ಬರ್ ಜಾಲರಿ ಬೇಕು, 600 ರೂಪಾಯಿಯೋ ಏನೋ ಆಯಿತು. ಸೇರಿಸಿದ ಹೊಲಿಗೆ ಉಬ್ಬದಂತೆ ಮಾಡುವ ಕ್ರಮವನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯಲು ನನಗೆ ಎರಡು ಕಂಬಳಿ ಹಾಳಾದವು.

ಮೂರನೆಯ ತಿಂಗಳಲ್ಲಿ ಕಂಬಳಿಯನ್ನು ಸಾಬೂನು ನೀರಿನಲ್ಲಿ ನೆನೆಸಿ ತೊಳೆದುಬಿಟ್ಟೆ. ಗಂಜಿಯೆಲ್ಲ ಹೋಗಿ ಕಂಬಳಿ ಸೊರಗಿತು, ಜಮಖಾನೆ ಮತ್ತೆ ಜಾರತೊಡಗಿತು. ಹುಣಸೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ಪುಡಿ ಮಾಡಿ ನಾನೇ ಗಂಜಿ ಕಾಯಿಸಿದೆ. ಕಾಲು ಕಿಲೋ ಪುಡಿಗೆ ನಾಲ್ಕೈದು ಲೀಟರ್ ನೀರು ಹಾಕಿದ ನೆನಪು. ಮೊದಲ ಸಲ ದಪ್ಪವಾಗಿ ಒಣಗಿದ ಮೇಲೆ ಹಪ್ಪಳದಂತೆ ಉದುರಿತು. ಎರಡನೆಯ ಸಲ ತೆಳುವಾಗಿ ಎರಡು ಬಾರಿ ಹಚ್ಚಿದೆ, ಸರಿಹೋಯಿತು. ನುಸಿ ಬಾರದಿರಲು ಗಂಜಿಗೆ ಒಂದು ಎಲೆಯ ರಸ ಸೇರಿಸುತ್ತೇನೆ. ಯಾವ ಎಲೆಯೆಂಬುದು ನನ್ನಲ್ಲೇ ಇರಲಿ. ಈಗ ಕಂಬಳಿಗೆ ನೀರು ಮುಟ್ಟಿಸುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತೇನೆ.

ನಡುವೆ ಇನ್ನೊಂದು ಪ್ರಯೋಗ. ಅಜ್ಜಿಯ ಹಳೆಯ ಸೀರೆಗಳ ಕೌದಿಯನ್ನು ಕಿಟಕಿಯ ಬಳಿ ಮೂರನೆಯ ಪದರವಾಗಿ ಓರೆಯಾಗಿ ಹಾಕಿದೆ. ಬಣ್ಣ ಹೊಂದಿತು, ಆದರೆ ಕುರ್ಚಿ ಎಳೆದಾಗಲೆಲ್ಲ ಮುದುಡುತ್ತಿತ್ತು. ಕುರ್ಚಿ ತೆಗೆದು ನೆಲದಲ್ಲೇ ಕೂರುವ ಜಾಗ ಮಾಡಿದೆ. ಈಗ ಅತ್ತೆಯವರು ಮಧ್ಯಾಹ್ನ ಪತ್ರಿಕೆ ಓದುವುದು ಅಲ್ಲಿಯೇ.

ಕೆಟ್ಟದ್ದನ್ನು ಬಿಟ್ಟರೆ ಒಟ್ಟು ಖರ್ಚು ಒಂಬತ್ತು ಸಾವಿರದ ಆಸುಪಾಸು, ಅರ್ಧಕ್ಕಿಂತ ಹೆಚ್ಚು ಜಮಖಾನೆಗೆ. ನೇಯುವ ಹೆಣ್ಣುಮಕ್ಕಳ ಕೈಕೆಲಸ ನೋಡಿದವರು ಆ ಬೆಲೆಗೆ ಚೌಕಾಸಿ ಮಾಡಲಾರರು. ಮಂಗಳೂರಿನಲ್ಲಿರುವ ತಂಗಿಯೂ ಹೀಗೇ ಹಾಸಿಕೊಡು ಎಂದಳು. ಆ ತೇವಕ್ಕೆ ಉಣ್ಣೆ ಬೇಡವೆಂದು ಚಾಪೆಯ ಮೇಲೆ ಕೌದಿ ಹಾಸಿ ಬಂದಿದ್ದೇನೆ. ಜೂನ್ ಮೊದಲ ವಾರದಿಂದ ಈವರೆಗೆ ಅವಳು ಎರಡು ಬಾರಿ ತೆಗೆದು ಒಣಗಿಸಿದ್ದಾಳೆ.