ಡ್ರೋನ್ ಮೋಟಾರ್ ವೈರ್‌ಗಳ ಹೊದಿಕೆ ಸವೆಯದಂತೆ ನಾನು ಅನುಸರಿಸುವ ಕ್ರಮ

ಐದು ಇಂಚಿನ ಪ್ರೊಪೆಲ್ಲರ್‌ಗಳ ಎಫ್‌ಪಿವಿ (ಡ್ರೋನಿನ ಕ್ಯಾಮೆರಾ ಕಾಣುವುದನ್ನೇ ಪರದೆಯಲ್ಲಿ ನೋಡುತ್ತ ಹಾರಿಸುವ) ಡ್ರೋನ್‌ಗಳನ್ನು ನಾನೇ ಜೋಡಿಸಿ ಹಾರಿಸುತ್ತೇನೆ. ಇವುಗಳಲ್ಲಿ ಪ್ರತಿ ಮೋಟಾರಿನ ಮೂರು ವೈರ್‌ಗಳು ಕಾರ್ಬನ್ ಫೈಬರ್ ತೋಳಿನ ಗುಂಟ ಸಾಗಿ ನಡುವಿನ ಇಎಸ್‌ಸಿ (ಮೋಟಾರುಗಳ ವೇಗ ನಿಯಂತ್ರಿಸುವ) ಬೋರ್ಡನ್ನು ಸೇರುತ್ತವೆ. ಅವುಗಳ ಸಿಲಿಕೋನ್ ಹೊದಿಕೆ ಬಿಸಿಯನ್ನು ಚೆನ್ನಾಗಿ ತಾಳಿಕೊಂಡರೂ ಬಹಳ ಮೆದುವಾದ್ದರಿಂದ, ಯಂತ್ರದಲ್ಲಿ ಕತ್ತರಿಸಿದ ಕಾರ್ಬನ್ ಅಂಚು ತಗುಲಿದಲ್ಲಿ ಹಾರಾಟದ ಕಂಪನಕ್ಕೆ ಗರಗಸ ಹಾಯಿಸಿದಂತೆ ಸೀಳುತ್ತ ಹೋಗುತ್ತದೆ.

ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಗೊಡುವ ವಸ್ತು ಎಂಬುದೇ ಇಲ್ಲಿ ಮುಖ್ಯ. ಒಂದು ವೈರ್ ಮಾತ್ರ ಬರಿದಾಗಿ ತೋಳನ್ನು ಮುಟ್ಟಿದರೆ ಡ್ರೋನ್ ಎಂದಿನಂತೆಯೇ ಹಾರಬಹುದು. ಆದರೆ ಇನ್ನೊಂದು ಮೋಟಾರಿನ ವೈರ್ ಕೂಡ ಬರಿದಾದಾಗ, ಅಥವಾ ಬ್ಯಾಟರಿಯ ನೆಗೆಟಿವ್‌ಗೆ ಸೇರಿರುವ ಆಂಟೆನಾ ಕನೆಕ್ಟರಿನ ಹೊರಕವಚ ಫ್ರೇಮಿಗೆ ತಗುಲಿದಾಗ, ಫ್ರೇಮಿನ ಮೂಲಕವೇ ಶಾರ್ಟ್ ಆಗಿ ಇಎಸ್‌ಸಿಯ ಮಾಸ್‌ಫೆಟ್‌ಗಳು (ಮೋಟಾರಿಗೆ ವಿದ್ಯುತ್ ಹರಿಸಿ ನಿಲ್ಲಿಸುವ ಸ್ವಿಚ್‌ಗಳು) ಸುಟ್ಟುಹೋಗಬಹುದು. ಆದ್ದರಿಂದ ಮೊದಲ ಗಾಯವನ್ನೇ ತಡೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅನೇಕರು ವೈರ್‌ಗೆ ಟೇಪ್ ಸುತ್ತುವುದರಿಂದ ಆರಂಭಿಸುತ್ತಾರೆ. ನಾನು ತೋಳಿನ ಅಂಚಿನಿಂದ ಆರಂಭಿಸುತ್ತೇನೆ. ಅಂಚು ಹರಿತವಾಗಿಯೇ ಉಳಿದರೆ ಎಂಥ ಟೇಪೂ ಕಾಲಕ್ರಮೇಣ ಹರಿಯುತ್ತದೆ. ಜೋಡಣೆಗೆ ಮೊದಲೇ 400 ಗ್ರಿಟ್ ವಾಟರ್‌ಪೇಪರನ್ನು ನೀರಿನಲ್ಲಿ ನೆನೆಸಿ ಎಲ್ಲ ಅಂಚುಗಳನ್ನೂ ಬೆರಳಿಗೆ ನುಣುಪು ತಾಗುವವರೆಗೆ ಉಜ್ಜುತ್ತೇನೆ. ಕಾರ್ಬನ್ ಪುಡಿ ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದ್ದು. ಮಾಸ್ಕ್ ಮತ್ತು ಕೈಗವಸು ಇಲ್ಲದೆ ಈ ಕೆಲಸಕ್ಕೆ ಯಾರೂ ಕೈಹಾಕಬಾರದು. ಒಣಗಿದ ಮೇಲೆ ಅಂಚಿಗೆ ತೆಳುವಾದ ಸೂಪರ್ ಗ್ಲೂ ಲೇಪಿಸುತ್ತೇನೆ.

ಬಳಿಕ ಮೂರೂ ವೈರ್‌ಗಳನ್ನು ಒಂದರ ಪಕ್ಕ ಒಂದರಂತೆ ತೋಳಿನ ಮೇಲ್ಮೈಯ ನಡುವೆ ಮಲಗಿಸಿ, ಕಾರಿನ ವೈರಿಂಗ್‌ಗೆ ಬಳಸುವ ಬಟ್ಟೆ ಟೇಪಿನಿಂದ ತೋಳಿನ ಸಮೇತ ಸುತ್ತುತ್ತೇನೆ. ಸಾಮಾನ್ಯ ಪಿವಿಸಿ ಟೇಪಿನ ಅಂಟು ಬಿಸಿಗೆ ಜಾರುವುದರಿಂದ ಅದನ್ನು ಬಳಸುವುದಿಲ್ಲ. ಕೇಬಲ್ ಟೈ ಬೇಕೆನಿಸಿದರೆ ಟೇಪಿನ ಮೇಲೆಯೇ ಹಾಕುತ್ತೇನೆ, ಏಕೆಂದರೆ ಬಿಗಿಯಾದ ಟೈ ಕೂಡ ಸಿಲಿಕೋನಿನೊಳಕ್ಕೆ ಇಳಿಯುತ್ತದೆ. ವೈರ್‌ಗಳು ಮೋಟಾರಿನ ಬುಡದಿಂದ ಹೊರಬರುವ ಜಾಗ ಅತ್ಯಂತ ಸೂಕ್ಷ್ಮವಾದದ್ದು. ಅಲ್ಲಿ ಹೀಟ್‌ಶ್ರಿಂಕ್ (ಬಿಸಿ ಮಾಡಿದಾಗ ಕುಗ್ಗಿ ಬಿಗಿಯಾಗುವ ಕೊಳವೆ) ತೊಡಿಸಿ, ತೋಳು ಬಾಗಿದಾಗ ಬೆಸುಗೆಯನ್ನು ಜಗ್ಗದಷ್ಟು ಮಾತ್ರ ಸಡಿಲ ಬಿಡುತ್ತೇನೆ. ಹೆಚ್ಚು ಬಿಟ್ಟರೆ ವೈರ್ ಮೇಲೆದ್ದು ಪ್ರೊಪೆಲ್ಲರಿಗೆ ಸಿಗುತ್ತದೆ.

ಜೋಡಣೆ ಮುಗಿದಾಗಲೂ ಪ್ರತಿ ಅಪಘಾತದ ನಂತರವೂ, ಬ್ಯಾಟರಿ ತೆಗೆದು ಮಲ್ಟಿಮೀಟರನ್ನು ಓಮ್ ಅಳತೆಗೆ ಇಟ್ಟು ಪರೀಕ್ಷಿಸುತ್ತೇನೆ. ಬೀಪ್ ಸದ್ದಿನ ಅಳತೆಯನ್ನು ನಂಬುವುದಿಲ್ಲ, ಏಕೆಂದರೆ ಕಾರ್ಬನ್ನಿನ ರೋಧ ಹೆಚ್ಚಾಗಿದ್ದರೆ ಬೀಪ್ ಕೇಳಿಸದೆ ಹೋಗಬಹುದು. ಮೇಲ್ಮೈಯನ್ನು ರಾಳ ಮುಚ್ಚಿರುವುದರಿಂದ ಒಂದು ಪ್ರೋಬನ್ನು ಮೋಟಾರಿನ ಸ್ಕ್ರೂಗೆ ಒತ್ತಿ, ಇನ್ನೊಂದನ್ನು ಇಎಸ್‌ಸಿಯ ಮೇಲೆ ಆ ಮೋಟಾರಿನ ಯಾವುದಾದರೂ ಒಂದು ಬೆಸುಗೆಗೆ ಮುಟ್ಟಿಸಿದರೆ ಸಾಕು. ಏಕೆಂದರೆ ಮೂರೂ ವೈರ್‌ಗಳು ಮೋಟಾರಿನ ಒಳಗಿನ ತಂತಿ ಸುರುಳಿಯ ಮೂಲಕ ಒಂದಕ್ಕೊಂದು ಸೇರಿಯೇ ಇರುತ್ತವೆ. ಉದ್ದವಾದ ಸ್ಕ್ರೂ ಸುರುಳಿಯನ್ನು ಕೊರೆದಿದ್ದರೆ ಅದೂ ಇದೇ ಅಳತೆಯಲ್ಲಿ ಗೊತ್ತಾಗುತ್ತದೆ. ಮೀಟರ್ ಯಾವುದೇ ಸಂಖ್ಯೆ ತೋರಿಸಿದರೂ ಎಲ್ಲೋ ತಗುಲಿದೆ ಎಂದೇ ಅರ್ಥ; ಆಗ ಟೇಪ್ ಬಿಚ್ಚಿ, ಗಾಯಗೊಂಡ ವೈರಿನ ಬೆಸುಗೆ ತೆಗೆದು, ಹೊಸ ಹೀಟ್‌ಶ್ರಿಂಕ್ ತೊಡಿಸಿದ ಮೇಲೆಯೇ ಬ್ಯಾಟರಿ ಜೋಡಿಸುತ್ತೇನೆ.